ಅಮ್ಮ ಏಳುವ ತನಕ

ಫೆಬ್ರವರಿ 10, ಸೋಮವಾರ

ಈ ಡೈರಿ ನಾವೇ ಹೊಲಿದು ಅಂಟಿಸಿದ್ದು. ಪ್ರೆಸ್ಸಿಗೆ ಬೀಗ ಹಾಕುವ ದಿನ ಯಜಮಾನರು "ಒಂದೊಂದು ತಗೊಂಡು ಹೋಗ್ರಪ್ಪಾ, ಇನ್ನು ಯಾರಿಗೆ ಮಾರಲಿ" ಎಂದರು. ಹನ್ನೊಂದು ವರ್ಷ ಬೈಂಡಿಂಗ್ ವಿಭಾಗ ನೋಡಿಕೊಂಡೆ, ಸಾವಿರಗಟ್ಟಲೆ ಡೈರಿಗಳಿಗೆ ರಟ್ಟು ಹಾಕಿಸಿದೆ. ಒಂದರಲ್ಲೂ ಒಂದು ಸಾಲು ಬರೆದವನಲ್ಲ. ಇವತ್ತು ಬರೆಯೋಣ ಅನಿಸಿತು. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಲ್ಲ.

ಹೆಂಡತಿ ಆಸ್ಪತ್ರೆಯಲ್ಲಿ ಎಳೆಗೂಸುಗಳ ವಾರ್ಡಿನ ನರ್ಸು. ರಾತ್ರಿ ಪಾಳಿ. ಇಷ್ಟು ದಿನ ಮಕ್ಕಳನ್ನು ಅತ್ತೆಯವರು ನೋಡಿಕೊಳ್ಳುತ್ತಿದ್ದರು. ಅವರೀಗ ಚಿಕ್ಕ ಮಗಳ ಹೆರಿಗೆಗೆಂದು ಹೋಗಿದ್ದಾರೆ, ಬರುವುದು ಏಪ್ರಿಲ್ ಮಧ್ಯಕ್ಕೆ. ನಮ್ಮ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಮಂಚದ ಮೇಲೆ ಮಲಗಬೇಕಾದ ಅವಳು, ಮಂಚದ ಸುತ್ತ ಎರಡು ವರ್ಷದ ಅವಳಿಗಳು. ಹುಡುಗಿ ಗಡಿಬಿಡಿ, ಹುಡುಗ ನಿಧಾನಿ. ಶಾಲೆಗೆ ಸೇರಿಸುವಾಗ ಬೇಕೆಂದು ಬೇರೆ ಹೆಸರುಗಳಿವೆ, ಸದ್ಯಕ್ಕೆ ಇವೇ ಸರಿಹೊಂದುತ್ತವೆ.

ಬೆಳಿಗ್ಗೆ ಅವಳು ಬಂದು ಮಲಗಿದ್ದೇ ತಡ, ಗಡಿಬಿಡಿ ಮಂಚ ಹತ್ತಿ ಅವಳ ಕಣ್ಣರೆಪ್ಪೆಯನ್ನು ಬೆರಳಿನಿಂದ ಎತ್ತಿ "ಅಮ್ಮ, ಕಣ್ಣು ತೆಗಿ" ಎಂದಳು. ನಾನು ಎತ್ತಿಕೊಂಡರೆ ಕಿರುಚುತ್ತಾಳೆ. ನಿಧಾನಿಯೂ ಅಷ್ಟೇ, ನನ್ನನ್ನು ಕಂಡರೆ ಬಾಡಿಗೆ ಕೇಳಲು ಬಂದವನನ್ನು ನೋಡಿದ ಹಾಗೆ ನೋಡುತ್ತಾನೆ. ಕೊನೆಗೆ ಅವಳೇ ಎದ್ದು ಹಾಲು ಕಾಯಿಸಲು ಹೋದಳು. ಒಲೆಯ ಮುಂದೆ ನಿಂತಲ್ಲೇ ತೂಕಡಿಸಿದಳು. ಹಾಲು ಉಕ್ಕಿತು.

ಒರೆಸುತ್ತ ಹೇಳಿದಳು. "ನಿನ್ನೆ ರಾತ್ರಿ ಔಷಧಿ ಸೀಸೆ ಮೇಲಿನ ಚೀಟಿ ಓದ್ತಿದ್ದೆ ರೀ. ಓದ್ತೀನಿ, ಓದ್ತೀನಿ, ತಲೆಗೇ ಹೋಗ್ತಿಲ್ಲ. ಪಕ್ಕದ ಸಿಸ್ಟರನ್ನ ಕರೆದು ಓದಿಸ್ದೆ. ಆ ಮಗು ನನ್ನ ಅಂಗೈ ಅಷ್ಟಿದೆ."

"ನಾಡಿದ್ದಿನಿಂದ ಇವರನ್ನ ನಾನು ಹೊರಗೆ ಕರ್ಕೊಂಡು ಹೋಗ್ತೀನಿ. ಮಧ್ಯಾಹ್ನದ ತನಕ ನೀನು ಮಲಗು" ಎಂದೆ.

"ಎಲ್ಲಿಗೆ?"

"ಇಷ್ಟು ದೊಡ್ಡ ಊರಲ್ಲಿ ಜಾಗಕ್ಕೆ ಬರವಾ?"

ಹೇಳುವುದೇನೋ ಹೇಳಿಬಿಟ್ಟೆ. ನಾನು ಕಂಡ ಊರೆಂದರೆ ಮನೆಯಿಂದ ಪ್ರೆಸ್ಸು, ಪ್ರೆಸ್ಸಿನಿಂದ ಮನೆ. ಎಲ್ಲಿಗೆ ಹೋಗುವುದೆಂದು ನಾಳೆಯೆಲ್ಲ ಕೂತು ಯೋಚಿಸಬೇಕು.

ಫೆಬ್ರವರಿ 12, ಬುಧವಾರ

ಪ್ರಾಣಿಸಂಗ್ರಹಾಲಯ. ಪ್ರೆಸ್ಸಿನಲ್ಲಿ ದೊಡ್ಡ ಆರ್ಡರಿಗೆ ಹಾಕುವ ಹಾಗೆ ಯೋಜನೆ ಹಾಕಿದ್ದೆ. ಮೊದಲು ಆನೆ, ಆಮೇಲೆ ಸಿಂಹ, ತಿಂಡಿ, ಹಕ್ಕಿಗಳು, ಮನೆ. ಎರಡು ಬಸ್ಸು ಬದಲಾಯಿಸಿ ತಲುಪುವಷ್ಟರಲ್ಲಿ ನಿಧಾನಿ ಹೆಗಲ ಮೇಲೆ ನಿದ್ದೆ ಹೋಗಿದ್ದ. ಗಡಿಬಿಡಿ ಒಂದು ಚಪ್ಪಲಿ ಕಳೆದಿದ್ದಳು. ಆನೆಯ ಎದುರು ನಿಲ್ಲಿಸಿ "ನೋಡು ನೋಡು" ಎಂದರೆ ಅವಳು ಆನೆಗೆ ಬೆನ್ನು ಹಾಕಿ, ಸೋರುತ್ತಿದ್ದ ನಲ್ಲಿ ನೋಡುತ್ತ ನಿಂತಳು. ನಿಧಾನಿ ಎದ್ದ ಮೇಲೆ ಒಂದು ಕಾಗೆಯ ಹಿಂದೆ ಹೋದ. ಇಬ್ಬರನ್ನೂ ಒಂದು ಕಡೆ ನಿಲ್ಲಿಸುವುದೆಂದರೆ ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ. ಸಿಂಹ ಮಲಗಿತ್ತು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಬದಲಿ ಚಡ್ಡಿ ತಂದಿರಲಿಲ್ಲ, ಕುಡಿಯುವ ನೀರು ಸಾಕಾಗಲಿಲ್ಲ, ಇಬ್ಬರೂ ಅಮ್ಮ ಬೇಕೆಂದು ಬಸ್ಸಿನುದ್ದಕ್ಕೂ ಅತ್ತರು. ಊಟದ ಹೊತ್ತಿಗಿಂತ ಮುಂಚೆಯೇ ಬಂದು ಬಾಗಿಲು ಬಡಿದೆ. ಅವಳು ಇಬ್ಬರನ್ನೂ ಎತ್ತಿಕೊಂಡಳು. ಬೈದಿದ್ದರೆ ವಾಸಿ ಇತ್ತು.

ಫೆಬ್ರವರಿ 13, ಗುರುವಾರ

ಕಾಲುನೋವು. ಎಲ್ಲೂ ಹೋಗಲಿಲ್ಲ. ಮೂವರೂ ಮೆಟ್ಟಿಲ ಮೇಲೆ ಕೂತಿದ್ದೆವು. ಮೇಲಿನ ಮನೆಯವರು ದಾಟಿಕೊಂಡು ಹೋಗಬೇಕಾಯಿತು, ಗೊಣಗಿದರು.

ಫೆಬ್ರವರಿ 18, ಮಂಗಳವಾರ

ಪಾರ್ಕು. ನಾಲ್ಕೈದು ದಿನದಿಂದ ಬೇರೆಲ್ಲೂ ಹೋಗುವ ಧೈರ್ಯವಿಲ್ಲದೆ ಅಲ್ಲಿಗೇ ಹೋಗುತ್ತಿದ್ದೇನೆ. ಬೆಂಚಿನ ತುಂಬ ತಾಯಂದಿರು. ಗಂಡಸು ನಾನೊಬ್ಬನೇ. ನಾನು ಹೋದ ಕೂಡಲೇ ಮಾತು ನಿಲ್ಲುತ್ತದೆ.

ಇವತ್ತು ಒಬ್ಬಾಕೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಮಕ್ಕಳ ತಾಯಿ...? ಎಷ್ಟು ದಿನ ಆಯ್ತಣ್ಣ?"

ಮಕ್ಕಳನ್ನು ತಾಯಿ ನನಗೊಪ್ಪಿಸಿ ಎಷ್ಟು ದಿನವಾಯಿತು ಎಂದು ಕೇಳುತ್ತಿದ್ದಾರೆ ಅಂದುಕೊಂಡು "ಒಂದು ವಾರ" ಎಂದೆ.

ಆಕೆಯ ಕಣ್ಣಲ್ಲಿ ನೀರು ಬಂತು. ಬೆಂಚಿನಿಂದ ಇನ್ನೊಬ್ಬರು ಎದ್ದು ಬಂದು ನಿಧಾನಿಯ ತಲೆ ಸವರಿದರು. ಮತ್ತೊಬ್ಬರು ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ಎಂಥ ಒಳ್ಳೆಯ ಜನ ಎಂದುಕೊಂಡು ಮನೆಗೆ ಬಂದೆ. ಹೆಂಡತಿಗೆ ಹೇಳಿದೆ. ಅವಳು ನೆಲದ ಮೇಲೆ ಕೂತು ನಗಲು ಶುರುಮಾಡಿದಳು. "ನನ್ನನ್ನ ಕೊಂದೇಬಿಟ್ರಲ್ರೀ!"

ಆಮೇಲೆ ನನಗೆ ಹೊಳೆಯಿತು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತು.

ಫೆಬ್ರವರಿ 19, ಬುಧವಾರ

ಪಾರ್ಕಿಗೆ ಹೋಗಿ ವಿಷಯ ಸರಿಪಡಿಸಿದೆ. "ರಾತ್ರಿ ಪಾಳಿಯಮ್ಮ. ಮಲಗಿದಾಳೆ, ಗಟ್ಟಿಮುಟ್ಟಾಗಿದಾಳೆ." ಬೆಂಚಿಗೆ ಬೆಂಚೇ ನಕ್ಕಿತು. ನಿನ್ನೆ ಕಣ್ಣೀರು ಹಾಕಿದ ಆಕೆ "ನನ್ನ ಕಣ್ಣೀರು ವಾಪಸ್ ಕೊಡಿ ಮತ್ತೆ" ಎಂದರು. ಅವರ ಮಗ ಯಾವಾಗಲೂ ಹಳದಿ ಟೋಪಿ ಹಾಕಿರುತ್ತಾನೆ, ಹಾಗಾಗಿ ನನ್ನ ಲೆಕ್ಕದಲ್ಲಿ ಅವರು ಟೋಪಿಯಮ್ಮ.

ಪ್ರಾಣಿಸಂಗ್ರಹಾಲಯದ ಕಥೆ ಹೇಳಿದಾಗ ಅವರು ಹೇಳಿದ್ದು: "ಅಲ್ಲಣ್ಣ, ಬೆಟ್ಟ ಅಗೆದು ಇಲಿ ಹಿಡಿಯೋಕೆ ಹೋದ್ರಿ. ಇವಕ್ಕೆ ಆನೇನೂ ಒಂದೇ ನಲ್ಲೀನೂ ಒಂದೇ. ಹತ್ತಿರದಲ್ಲಿ ಒಂದು ಜಾಗ ನೋಡ್ಕೊಳ್ಳಿ, ಅವು ಸಾಕು ಅನ್ನೋ ತನಕ ನಿಂತ್ಕೊಳ್ಳಿ. ಒಂದು ಜೊತೆ ಬಟ್ಟೆ, ಒಂದು ಬಾಳೆಹಣ್ಣು ಬ್ಯಾಗಲ್ಲಿ ಇಟ್ಟಿರಿ. ಮುಗೀತು."

ಇಷ್ಟೇ ವಿದ್ಯೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಫೆಬ್ರವರಿ 27, ಗುರುವಾರ

ರೈಲು ಹಳಿಯ ಮೇಲಿನ ಕಾಲ್ಸೇತುವೆ. ಕಂಬಿಯ ಸಂದಿಯಲ್ಲಿ ಮುಖ ಇಟ್ಟು ನಿಧಾನಿ ನಿಂತ. ರೈಲು ಬಂತು, ಹೋಯಿತು. ಇನ್ನೊಂದು ಬಂತು. ಗಡಿಬಿಡಿ ಸೇತುವೆಯ ಈ ತುದಿಯಿಂದ ಆ ತುದಿಗೆ ಓಡಿ ಪ್ರತಿ ರೈಲಿಗೂ ಟಾಟಾ ಮಾಡಿದಳು. ಒಂದು ರೈಲಿನ ಚಾಲಕ ಕಿಟಕಿಯಿಂದ ಕೈ ಹೊರಹಾಕಿ ಬೀಸಿದ. ಅವಳು ಹಾಗೇ ಸ್ತಬ್ಧಳಾಗಿ ನಿಂತಳು. ಹುಟ್ಟಿದ ಮೇಲೆ ಮೊದಲ ಸಲ ಅವಳು ಸುಮ್ಮನೆ ನಿಂತಿದ್ದು ಅದೇ ಇರಬೇಕು. ಅವನಿಗೇನು ಗೊತ್ತು, ಕೈ ಬೀಸಿ ಹೋದ. ಇಲ್ಲಿ ಒಬ್ಬಳ ದಿನವೇ ಬದಲಾಯಿತು.

ವಾಪಸ್ ಬರುವಾಗ ಬಟ್ಟೆ ಒಗೆಯುವ ಅಂಗಡಿ. ದೊಡ್ಡ ದೊಡ್ಡ ಯಂತ್ರಗಳ ದುಂಡನೆಯ ಗಾಜಿನಲ್ಲಿ ಬಟ್ಟೆ ಸುತ್ತುವುದನ್ನು ನೋಡಿ ಇಬ್ಬರೂ ತಲೆಯನ್ನೂ ಸುತ್ತಿಸಿದರು. ಅಂಗಡಿಯವರು ಬೈಯಬಹುದೆಂದು ನಾನು ಹಿಂಜರಿದರೆ, ಅವರೇ ಸ್ಟೂಲು ಎಳೆದು ಕೊಟ್ಟರು. "ಕೂತ್ಕೊಳ್ಳಿ. ದಿನಾ ಇಷ್ಟು ಖುಷಿಯಿಂದ ಯಾರೂ ನೋಡಲ್ಲ ಇದನ್ನ."

ಬಂದಾಗ ಹೆಂಡತಿ ಇನ್ನೂ ನಿದ್ದೆಯಲ್ಲಿದ್ದಳು. ನಾವು ಮೂವರೂ ಅಡುಗೆಮನೆಯ ನೆಲದ ಮೇಲೆ ಕಳ್ಳರ ಹಾಗೆ ಊಟ ಮಾಡಿದೆವು.

ಮಾರ್ಚ್ 6, ಗುರುವಾರ

ಪೇಟೆ ಮಧ್ಯೆ ನಿಧಾನಿಯ ಹೊಟ್ಟೆ ಕೆಟ್ಟಿತು. ಗಂಡಸರ ಶೌಚಾಲಯದಲ್ಲಿ ಮಗುವನ್ನು ಮಲಗಿಸಲು ಒಂದು ಹಲಗೆಯೂ ಇಲ್ಲ. ಹೆಂಗಸರದ್ದಕ್ಕೆ ನಾನು ಹೋಗುವಂತಿಲ್ಲ. ಅತ್ತ ದರಿ, ಇತ್ತ ಪುಲಿ, ಮಧ್ಯದಲ್ಲಿ ಈ ವಾಸನೆ. ರಸ್ತೆ ಬದಿ ದರ್ಜಿಯೊಬ್ಬರು ನನ್ನ ಪಾಡು ನೋಡಿ, ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ, ಮೇಲೆ ಹಳೆಯ ಕಾಗದ ಹಾಸಿದರು.

"ಬೇಡ ಸಾರ್, ನಿಮ್ಮ ಮೇಜು..."

"ಮಲಗಿಸ್ರೀ. ಕಾಗದ ಎಸೀಬಹುದು, ಮಗೂನ ಎಸಿಯೋಕಾಗುತ್ತಾ?"

ಅಷ್ಟರಲ್ಲಿ ಗಡಿಬಿಡಿ ಅಳತೆಪಟ್ಟಿ ಎಳೆದು ಅವರ ಕಾಲಿಗೇ ಸುತ್ತಿದ್ದಳು. ಅವರು ಅಲುಗಾಡದೆ ನಿಂತು "ಎಷ್ಟು ಬಂತಮ್ಮಾ?" ಎಂದು ಕೇಳಿದರು. ಅವಳು ಗಂಭೀರವಾಗಿ "ಎಲಡು" ಎಂದಳು.

ಎಷ್ಟು ಜನರ ಋಣ ಬೆಳೆಯುತ್ತಿದೆ ನನ್ನ ಮೇಲೆ. ಮಕ್ಕಳಿಲ್ಲದೆ ಈ ರಸ್ತೆಯಲ್ಲಿ ಎಷ್ಟೋ ಸಲ ನಡೆದಿದ್ದೇನೆ. ಅಲ್ಲಿ ಒಬ್ಬ ದರ್ಜಿ ಇದ್ದಾರೆಂದೇ ಗೊತ್ತಿರಲಿಲ್ಲ.

ಮಾರ್ಚ್ 14, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬಸ್ಸು ಬಂತು. ತಾನಾಗಿ ಮುಚ್ಚುವ ಬಾಗಿಲಿನ ಬಸ್ಸು. ಗಡಿಬಿಡಿಯನ್ನು ಎತ್ತಿ ಒಳಗೆ ನಿಲ್ಲಿಸಿ, ನಿಧಾನಿಯನ್ನು ಎತ್ತಿಕೊಳ್ಳಲು ತಿರುಗಿದೆ. ಅವನು ನನ್ನ ಹಿಂದೆ ಇರಲಿಲ್ಲ. ಬಸ್‌ಸ್ಟಾಪಿನ ಕಂಬದ ಬುಡದಲ್ಲಿ ಕೂತು ಇರುವೆ ನೋಡುತ್ತಿದ್ದ. ಎರಡು ಹೆಜ್ಜೆ ಹೋಗಿ ಅವನನ್ನು ಎತ್ತಿದೆ. ಹಿಂದೆ ಬಾಗಿಲು ಮುಚ್ಚಿದ ಸದ್ದು. ಬಸ್ಸು ಹೊರಟಿತು.

ಗಾಜಿನ ಆಚೆ ಅವಳ ತಲೆಯಷ್ಟೇ ಕಂಡಿತು.

ಕೂಗಿದೆ. ನಿಧಾನಿಯನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದೆ. ಕೆಂಪು ಹೆಲ್ಮೆಟ್ಟಿನ ಒಬ್ಬರು ಸ್ಕೂಟರ್ ನಿಲ್ಲಿಸಿ "ಹತ್ತಿ ಸಾರ್, ಹತ್ತಿ!" ಎಂದರು. ಏನಾಯಿತೆಂದು ಕೇಳಲೂ ಇಲ್ಲ, ನೋಡಿದ್ದರೆಂದು ಕಾಣುತ್ತದೆ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು, ಕಾಯುತ್ತಿತ್ತು. ಬಾಗಿಲಲ್ಲಿ ಕಂಡಕ್ಟರು ಅವಳನ್ನು ಎತ್ತಿಕೊಂಡು ನಿಂತಿದ್ದರು. ಒಳಗಿನ ಜನವೆಲ್ಲ ಕಿಟಕಿಗೆ ಬಂದಿತ್ತು.

ನಾನು ಅವಳನ್ನು ಕಿತ್ತುಕೊಂಡೆ. ಕಂಡಕ್ಟರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮುಂದಿನ ಸೀಟಿನ ಹೆಂಗಸೊಬ್ಬರು ಎದ್ದು ಬಂದು ಹೇಳಿದರು. "ನಾವೆಲ್ಲ ಗಾಬರಿ ಬಿದ್ದು ಕೂಗಾಡಿ ಬಸ್ ನಿಲ್ಲಿಸಿದ್ವಿ ಅಣ್ಣಾ. ನಿಮ್ಮ ಮಗಳು ಮಾತ್ರ ಅಳಲೇ ಇಲ್ಲ. 'ಅಪ್ಪ ಬತ್ತಾನೆ, ಅಪ್ಪ ಬತ್ತಾನೆ' ಅಂತ ನಮಗೇ ಸಮಾಧಾನ ಹೇಳ್ತಿದ್ಲು."

ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ. ಫುಟ್‌ಪಾತಿನ ಮೇಲೆ ಇಬ್ಬರನ್ನೂ ತಬ್ಬಿಕೊಂಡು ಕೂತುಬಿಟ್ಟೆ. ತಲೆ ಎತ್ತಿದಾಗ ಸ್ಕೂಟರಿನವರು ಹೋಗಿಯಾಗಿತ್ತು. ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಮುಖ ನೆನಪಿಲ್ಲ. ಎಲ್ಲಿದ್ದರೂ ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ.

ಹೆಂಡತಿ ಎದ್ದ ಮೇಲೆ ಎಲ್ಲವನ್ನೂ ಹೇಳಿದೆ. ಅವಳು ಗಡಿಬಿಡಿಯನ್ನು ಮಡಿಲಿಗೆ ಎಳೆದುಕೊಂಡು ನೆತ್ತಿಗೆ ಮೂಗು ಹಚ್ಚಿದಳು.

"ನಾಳೆ ಬೇಡ ರೀ. ಸ್ವಲ್ಪ ದಿನ ಮನೇಲೇ ಇರಿ."

ಸರಿ ಎಂದೆ.

ಮಾರ್ಚ್ 18, ಮಂಗಳವಾರ

ಮನೆಯಲ್ಲೇ. ನಾನು ಪಿಸುಮಾತಿನಲ್ಲಿ ಗದರುತ್ತೇನೆ, ಅವರು ಗಟ್ಟಿಯಾಗಿ ಅಳುತ್ತಾರೆ. ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಾಳೆ. ನಿದ್ದೆ ಬಂದಿಲ್ಲವೆಂದು ಬೆನ್ನು ನೋಡಿದರೇ ಗೊತ್ತಾಗುತ್ತದೆ. ನಿಧಾನಿ ಬಾಗಿಲ ಹತ್ತಿರ ಬ್ಯಾಗು ಎಳೆದುಕೊಂಡು ಹೋಗಿ ಅದರ ಪಕ್ಕ ಕೂರುತ್ತಾನೆ. ಕೇಳುವುದಿಲ್ಲ, ಕೂರುತ್ತಾನೆ ಅಷ್ಟೆ.

ನಿನ್ನೆ ರಾತ್ರಿ ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಅವಳನ್ನು ನೋಡಿ "ನೀನು ಇವತ್ತು ಕೂಸುಗಳನ್ನ ಮುಟ್ಟಬೇಡಮ್ಮ, ಕೂತು ಚಾರ್ಟ್ ಬರಿ" ಅಂದರಂತೆ. ಸಂಜೆ ತಲೆ ಬಾಚಿಕೊಳ್ಳುತ್ತ, ಕನ್ನಡಿಗೆ ಹೇಳುವ ಹಾಗೆ ಹೇಳಿದಳು. ನಾಳೆ ಕರ್ಕೊಂಡು ಹೋಗ್ತೀನಿ ಎನ್ನಬೇಕೆನಿಸಿತು. ಯಾವ ಮುಖ ಇಟ್ಟುಕೊಂಡು ಹೇಳಲಿ?

ಮಾರ್ಚ್ 19, ಬುಧವಾರ

ಬೆಳಿಗ್ಗೆ ಬಂದವಳು ಕೂರಲೂ ಇಲ್ಲ. ಬ್ಯಾಗಿಗೆ ನೀರು, ಬಾಳೆಹಣ್ಣು, ಎರಡು ಜೊತೆ ಬಟ್ಟೆ ತುಂಬಿದಳು. ಆಮೇಲೆ ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು, ಪೆನ್ನು ತೆಗೆದು, ಒಬ್ಬೊಬ್ಬರ ಮುಂಗೈ ಮೇಲೆ ಫೋನ್ ನಂಬರ್ ಬರೆದಳು. ಗಡಿಬಿಡಿಗೆ ಕಚಗುಳಿಯಾಗಿ ಕುಣಿದಳು.

ನೋಡಿದೆ. ನನ್ನ ನಂಬರು.

"ನಿನ್ನದು ಬರೆಯಲ್ವಾ?"

"ನಾನು ಮಲಗಿರ್ತೀನಲ್ಲ" ಎಂದಳು. "ಹೋಗಿ ಬನ್ನಿ. ನಿಧಾನಿಯನ್ನ ಮೊದಲು ಹತ್ತಿಸಿ, ಅವಳು ಹೇಗೂ ಹಿಂದಿಂದ ತಾನೇ ಹಾರ್ತಾಳೆ."

ಇಷ್ಟು ಸರಳವಾದ ವಿಷಯ. ಬಸ್ಸು ಬಂತು. ಒಬ್ಬ ಕಂಕುಳಲ್ಲಿ, ಒಬ್ಬಳ ಮುಂಗೈ ನನ್ನ ಮುಷ್ಟಿಯಲ್ಲಿ. ಹತ್ತಿದೆವು, ಇಳಿದೆವು. ಅಗ್ನಿಶಾಮಕದವರು ಕೆಂಪು ಗಾಡಿ ತೊಳೆಯುತ್ತಿದ್ದರು. ಮಕ್ಕಳು ಸಾಕು ಅನ್ನುವ ತನಕ ನೋಡಿದೆವು.

ಏಪ್ರಿಲ್ 3, ಗುರುವಾರ

ಬಹಳ ದಿನ ಬರೆದಿಲ್ಲ. ಬೆಳಗಾದರೆ ಹೊರಡುವುದು, ಬಂದರೆ ಸ್ನಾನ, ಊಟ, ಮೂವರೂ ಬಿದ್ದುಕೊಳ್ಳುವುದು. ಬರೆಯಲು ಎಲ್ಲಿಂದ ಹೊತ್ತು?

ಇವತ್ತು ಹಳೆಯ ಯಜಮಾನರು ಫೋನ್ ಮಾಡಿದ್ದರು. ಅವರ ಪರಿಚಯದವರ ಪ್ರೆಸ್ಸಿನಲ್ಲಿ ಬೈಂಡಿಂಗಿಗೆ ಅನುಭವಸ್ಥರು ಬೇಕಂತೆ. ಬೆಳಗಿನ ಪಾಳಿ. ಅತ್ತೆಯವರೂ ಹದಿನೈದಕ್ಕೆ ಬರುತ್ತಾರೆ. ಎಲ್ಲ ಸರಿಯಾಗಿ ಕೂಡಿಬಂತು. ಸಂತೋಷದ ಸುದ್ದಿ.

ಕಾರಂಜಿ ಚೌಕದಲ್ಲಿ ನೀರು ಬಿಡುವ ಮುಂಚೆ ಕೊಳವೆ ಗೊರ್ ಎನ್ನುತ್ತದೆ. ಅದನ್ನು ಮೊದಲು ಕೇಳಿಸಿಕೊಳ್ಳುವವನು ನಿಧಾನಿ. ಬೆರಳೆತ್ತುತ್ತಾನೆ, ಗಡಿಬಿಡಿ ಕಿವಿ ಮುಚ್ಚುತ್ತಾಳೆ, ಆಮೇಲೆ ನೀರು. ಲೈಬ್ರರಿಯ ಮೆಟ್ಟಿಲಿಗಿಂತ ಪಕ್ಕದ ಇಳಿಜಾರು ಇಷ್ಟ. ಅಲ್ಲಿ ಗಾಲಿಕುರ್ಚಿಯ ಹಿರಿಯರೊಬ್ಬರು ಇವರ ಜೊತೆ ಪಂದ್ಯ ಕಟ್ಟಿ ಬೇಕೆಂದೇ ಸೋಲುತ್ತಾರೆ. ನಿಧಾನಿ ಹಸಿದಾಗ ಅಳುವುದಿಲ್ಲ, ನನ್ನ ಅಂಗಿಯ ಎರಡನೇ ಗುಂಡಿ ಹಿಡಿದುಕೊಳ್ಳುತ್ತಾನೆ. ಗಡಿಬಿಡಿ ಬಹಳ ಮಾತಾಡತೊಡಗಿದರೆ ನಿದ್ದೆ ಬಂದಿದೆ ಎಂದರ್ಥ. ಬಂದರಿಗೆ ಇನ್ನೂ ಹೋಗಿಲ್ಲ. ವಿಮಾನ ಇಳಿಯುವುದು ಕಾಣುವ ಮೈದಾನಕ್ಕೂ ಹೋಗಿಲ್ಲ. ದೊಡ್ಡ ಗಡಿಯಾರದ ಕೆಳಗೆ ನಿಲ್ಲಿಸಿ ಗಂಟೆ ಹೊಡೆಯುವುದನ್ನು ಕೇಳಿಸಬೇಕು. ಹದಿನೈದರೊಳಗೆ ಇಷ್ಟೂ ಹೇಗೆ ಮುಗಿಯುತ್ತದೆ?

ಪಾರ್ಕಿನಲ್ಲಿ ಹೊಸಬ ಒಬ್ಬ, ಎಳೆಮಗುವನ್ನು ಎದೆಗೆ ಕಟ್ಟಿಕೊಂಡು ಬೆವರುತ್ತ ನಿಂತಿದ್ದ. ಬೆಂಚಿನಲ್ಲಿ ಸರಿದು ಕೂತು ಜಾಗ ಕೊಟ್ಟೆವು.

ಏಪ್ರಿಲ್ 9, ಬುಧವಾರ

ಹೊಸ ಪ್ರೆಸ್ಸಿಗೆ ಹೋಗಿ ಬಂದೆ. ಇಬ್ಬರನ್ನೂ ಕರೆದುಕೊಂಡೇ ಹೋದೆ, ಬೇರೆ ದಾರಿ ಇರಲಿಲ್ಲ. ಅಲ್ಲಿನ ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

"ಕೆಲಸಕ್ಕೆ ಒಬ್ಬರನ್ನ ಕೇಳಿದ್ದೆ. ಮೂರು ಜನ ಬಂದಿದ್ದೀರಿ."

ಮಡಿಸುವ ಯಂತ್ರದ ಎದುರು ನಿಧಾನಿ ಕಂಬವಾದ. ಗಡಿಬಿಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಹೊಲಿಗೆಯ ಬಗ್ಗೆ, ಅಂಟಿನ ಬಗ್ಗೆ ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಅವರಿಗೆ ಒಪ್ಪಿಗೆಯಾಯಿತು.

"ಬೆಳಗಿನ ಪಾಳಿ ಖಾಲಿ ಇದೆ. ಹದಿನಾರರಿಂದ ಬನ್ನಿ."

"ಮಧ್ಯಾಹ್ನದ ಪಾಳಿ ಸಿಗಬಹುದಾ ಸಾರ್?"

ಕೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ದಾರಿಯಲ್ಲಿ ಹಾಗೇನೂ ಯೋಚಿಸಿರಲಿಲ್ಲ.

"ಅದನ್ನ ಯಾರೂ ಕೇಳಲ್ಲ ರೀ. ಸಂಜೆ ಅನ್ನೋದೇ ಇರಲ್ಲ ನಿಮಗೆ."

"ಬೆಳಿಗ್ಗೆ ಇವರ ಜೊತೆ ಹೊರಗೆ ಹೋಗೋದಿರುತ್ತೆ ಸಾರ್."

ಅವರು ಇಬ್ಬರನ್ನೂ ನೋಡಿದರು, ನನ್ನನ್ನು ನೋಡಿದರು. "ನನ್ನ ಮಕ್ಕಳು ಯಾವಾಗ ದೊಡ್ಡೋರಾದ್ರೋ ನನಗೆ ಗೊತ್ತೇ ಆಗಲಿಲ್ಲ" ಎಂದು ಮೇಜಿನ ಮೇಲಿದ್ದ ಕಾಗದ ಸರಿಪಡಿಸಿದರು. "ಮಧ್ಯಾಹ್ನವೇ ಬನ್ನಿ. ಹದಿನಾರರಿಂದ."

ಏಪ್ರಿಲ್ 13, ಭಾನುವಾರ

ಹೆಂಡತಿಗೆ ರಜೆ. ನಾಲ್ವರೂ ಹೊರಟೆವು. ನದಿ ದಾಟಿಸುವ ದೋಣಿ, ನಮ್ಮಲ್ಲಿ ಯಾರೂ ನೋಡಿರದ ಜಾಗ. "ಪ್ಲಾನ್ ಏನು?" ಎಂದು ಕೇಳಿದಳು. "ದೋಣಿ ಹತ್ತೋದು. ಆಮೇಲೆ ಇವರಿಬ್ಬರು ಹೇಳಿದ ಹಾಗೆ" ಎಂದೆ.

ದೋಣಿ ಸ್ವಲ್ಪ ವಾಲಿದಾಗ ಗಡಿಬಿಡಿ ಮುಗ್ಗರಿಸಿ ಗಲ್ಲಕ್ಕೆ ಪೆಟ್ಟು ಮಾಡಿಕೊಂಡಳು. ಅವಳಮ್ಮ ಎರಡೂ ಕೈ ಚಾಚಿದಳು. ಮಗು ಅಳುತ್ತ ಎದ್ದು, ಆ ಕೈಗಳನ್ನು ದಾಟಿಕೊಂಡು ಬಂದು ನನ್ನ ಕೊರಳಿಗೆ ಜೋತುಬಿತ್ತು.

ಚಾಚಿದ ಕೈಗಳು ಹಾಗೇ ಇದ್ದವು.

"ನನ್ನ ಹತ್ರ ಬರ್ಲಿಲ್ಲ ನೋಡಿದ್ರಾ" ಎಂದಳು.

"ಅಭ್ಯಾಸ ಅಷ್ಟೆ..."

"ಸುಮ್ನಿರಿ, ಸಮಾಧಾನ ಬೇಡ." ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. "ಹೊಟ್ಟೆಕಿಚ್ಚಾಗ್ತಿದೆ ರೀ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇಷ್ಟು ದಿನ ಅರ್ಧ ಜೀವ ಮನೇಲಿ ಬಿಟ್ಟು ಡ್ಯೂಟಿಗೆ ಹೋಗ್ತಿದ್ದೆ. ಇನ್ನು ಪೂರ್ತಿ ಹೋಗ್ತೀನಿ." ಕಣ್ಣು ಒರೆಸಿಕೊಂಡು ನಕ್ಕಳು.

ಅಷ್ಟು ಹೊತ್ತೂ ಹಗ್ಗದ ಗಂಟು ನೋಡುತ್ತಿದ್ದ ನಿಧಾನಿ ಆಗ ಎದ್ದು, ತನ್ನದೇ ಗತಿಯಲ್ಲಿ ಬಂದು, ಅಮ್ಮನ ಮಡಿಲು ಹತ್ತಿ, ಅವಳ ಕೆನ್ನೆ ತಟ್ಟಿದ. ಅವಳು ಅವನನ್ನು ಅಪ್ಪಿಕೊಂಡು ನನ್ನ ಭುಜಕ್ಕೆ ಒರಗಿದಳು. ಆಚೆ ದಡ ಬರುವಷ್ಟರಲ್ಲಿ ತಾಯಿ ಮಗ ಇಬ್ಬರಿಗೂ ನಿದ್ದೆ.

ಜನ ಇಳಿದರು. ದೋಣಿಯವನು ಬಂದು "ಇಳಿಯಲ್ವಾ?" ಎಂದ. "ಹಾಗೇ ವಾಪಸ್ ಬರ್ತೀವಿ" ಎಂದು ಮೆಲ್ಲಗೆ ಹೇಳಿದೆ. ಅವನು ಅವಳನ್ನು ನೋಡಿದ. ಹೊರಡುವಾಗ ಗಂಟೆ ಹೊಡೆಯುವುದು ಅವರ ಪದ್ಧತಿ. ಹೊಡೆಯದೆ ಹಗ್ಗ ಬಿಚ್ಚಿದ.

ಹೊಸದಾಗಿ ಹತ್ತಿದವರಿಗೆಲ್ಲ ಗಡಿಬಿಡಿ ತುಟಿಯ ಮೇಲೆ ಬೆರಳಿಟ್ಟು "ಶ್... ಅಮ್ಮ ತಾಚಿ" ಎಂದು ಒಬ್ಬೊಬ್ಬರಿಗೂ ಹೇಳಿಬಂದಳು. ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದ ಒಬ್ಬರು ಮಾತು ನಿಲ್ಲಿಸಿದರು. ದೋಣಿಗೆ ದೋಣಿಯೇ ಪಿಸುಗುಟ್ಟಿತು.

ಈ ದಡ ಬಂತು. ಮತ್ತೆ ಆ ದಡ ಬಂತು. ನಾವು ಇಳಿಯಲಿಲ್ಲ.